ಮನೆತನದ ಹೆಸರು, ಕಂಪೆನಿಯ ಲೆಕ್ಕ

ನಮ್ಮ ಊರಿನ ಪೇಟೆ ಬೀದಿಯಲ್ಲಿ ಒಂದು ಜವಳಿ ಅಂಗಡಿಯಿತ್ತು, ಈಗಲೂ ಇದೆ. ನಾನು ಹುಡುಗನಾಗಿದ್ದಾಗ ಅದರ ಯಜಮಾನರು ಗಾದಿಯ ಮೇಲೆ ಕುಳಿತು, ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕದಲ್ಲಿ ದಿನದ ಲೆಕ್ಕ ಬರೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪುಟದ ನೆತ್ತಿಯಲ್ಲಿ ಶ್ರೀಕಾರ. ಒಂದು ಕಡೆ ಜಮೆ, ಇನ್ನೊಂದು ಕಡೆ ಖರ್ಚು. ಖರ್ಚಿನ ಕೊನೆಯಲ್ಲಿ ಪ್ರತಿದಿನವೂ ಬರುತ್ತಿದ್ದ ಒಂದು ಸಾಲಿನ ಹೆಸರು ‘ಧರ್ಮ’. ಮೊತ್ತ ದೊಡ್ಡದಲ್ಲ. ಆದರೆ ವ್ಯಾಪಾರವಿಲ್ಲದ ದಿನವೂ ಆ ಸಾಲು ತಪ್ಪುತ್ತಿರಲಿಲ್ಲ. ಅನ್ನಛತ್ರಕ್ಕೆ, ಬಡ ಹುಡುಗರ ಪುಸ್ತಕಕ್ಕೆ, ಬೇಸಗೆಯಲ್ಲಿ ಅರವಟ್ಟಿಗೆಗೆ ಹಣ ಹೋಗುತ್ತಿದ್ದುದು ಆ ಖಾತೆಯಿಂದ. ಆ ಅಂಗಡಿಗೆ ಪೇಟೆಯಲ್ಲಿ ಒಳ್ಳೆಯ ಪತ್ತು ಇತ್ತು. ಮನೆತನದ ಹೆಸರು ಹೇಳಿದರೆ ಸಾಕು, ಸಗಟು ವ್ಯಾಪಾರಿಗಳು ಚೀಟಿ ಬರೆಸಿಕೊಳ್ಳದೆ ಮಾಲು ಕಳಿಸುತ್ತಿದ್ದರು.

ಧರ್ಮದ ಸಾಲಿಗೂ ಈ ಪತ್ತಿಗೂ ಸಂಬಂಧವಿತ್ತೆ? ಇತ್ತು ಎಂದು ಊರಿನವರೆಲ್ಲ ನಂಬಿದ್ದರು. ಇಂದು ದೊಡ್ಡ ದೊಡ್ಡ ವಾಣಿಜ್ಯ ಕಾಲೇಜುಗಳಲ್ಲಿ ಇದೇ ಪ್ರಶ್ನೆಯನ್ನು ಬೇರೆ ಭಾಷೆಯಲ್ಲಿ ಕೇಳುತ್ತಿದ್ದಾರೆ. ಕಂಪೆನಿಗಳು ವರ್ಷಕ್ಕೊಮ್ಮೆ ಲಾಭನಷ್ಟದ ಪತ್ರಿಕೆಯ ಜೊತೆಗೆ ‘ಸುಸ್ಥಿರತೆಯ ವರದಿ’ ಎಂಬುದೊಂದನ್ನು ಹೊರಡಿಸುತ್ತವೆ. ಎಷ್ಟು ನೀರು ಬಳಸಿದೆವು, ಎಷ್ಟು ಹೊಗೆ ಬಿಟ್ಟೆವು, ಕೆಲಸಗಾರರಿಗೆ ಎಷ್ಟು ಅಪಘಾತವಾಯಿತು, ಹೆಂಗಸರಿಗೂ ಗಂಡಸರಿಗೂ ಕೊಟ್ಟ ಸಂಬಳವೆಷ್ಟು, ಸುತ್ತಲ ಊರಿಗೆ ಏನು ಮಾಡಿದೆವು ಎಂಬ ಲೆಕ್ಕ ಅದು. ಈ ವರದಿಯಿಂದ ಕಂಪೆನಿಯ ಬೆಲೆ ಏರುವುದೋ ಇಲ್ಲವೋ, ಅದರಲ್ಲಿಯೂ ಒಂದು ಕುಟುಂಬದ ಕೈಯಲ್ಲಿರುವ ಕಂಪೆನಿಯಾದರೆ ಹೇಗೆ ಎಂಬುದು ಚರ್ಚೆಯ ವಿಷಯ. ನಾನು ಅರ್ಥಶಾಸ್ತ್ರಜ್ಞನಲ್ಲ, ಕನ್ನಡದ ಮೇಷ್ಟರು. ಆದರೆ ಈ ವರದಿಗಳ ಹಿಂದೆ ಒಂದು ಹಳೆಯ ಚರಿತ್ರೆಯಿದೆ. ಅದನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

ಶಾಸನಗಳನ್ನು ಪಾಠ ಹೇಳುವಾಗ ಅಯ್ಯಾವೊಳೆಯ ಐನೂರ್ವರ ಹೆಸರು ಬಾರದೆ ಇರುವುದಿಲ್ಲ. ಐಹೊಳೆಯಿಂದ ಹೆಸರು ಪಡೆದ ಈ ವರ್ತಕರ ಸಂಘ ದಕ್ಷಿಣ ದೇಶವನ್ನೆಲ್ಲ ವ್ಯಾಪಿಸಿತ್ತು. ಅವರು ಕಲ್ಲಿನಲ್ಲಿ ಕಂಡರಿಸಿದ್ದು ತಮ್ಮ ಲಾಭವನ್ನಲ್ಲ, ದಾನವನ್ನು. ಇಷ್ಟು ಹೇರು ಮೆಣಸಿಗೆ ಇಷ್ಟು, ಇಷ್ಟು ಅಡಕೆಗೆ ಇಷ್ಟು, ಇಷ್ಟು ಎಲೆಗೆ ಇಷ್ಟು ಎಂದು ದೇವಾಲಯಕ್ಕೊ ಮಠಕ್ಕೊ ಬಿಟ್ಟುಕೊಟ್ಟ ವಿವರ. ಮೊದಲು ಉದ್ದನೆಯ ಪ್ರಶಸ್ತಿ, ಆಮೇಲೆ ದಾನದ ಪ್ರಮಾಣ, ಸಾಕ್ಷಿಗಳು, ಕೊನೆಗೆ ಇದನ್ನು ಕೆಡಿಸಿದವನಿಗೆ ಬರುವ ಪಾಪದ ಶಾಪ. ಇಂದಿನ ಕಂಪೆನಿಗಳ ವರದಿಯಲ್ಲಿ ಪ್ರಶಸ್ತಿಯ ಭಾಗ ಹಾಗೆಯೇ ಉಳಿದಿದೆ. ಶಾಪದ ಭಾಗ ಮಾತ್ರ ಬಿಟ್ಟುಹೋಗಿದೆ ಎಂದು ತರಗತಿಯಲ್ಲಿ ನಗೆಗಾಗಿ ಹೇಳುವುದುಂಟು.

ನಗೆಯನ್ನು ಬಿಟ್ಟು ನೋಡಿದರೆ ಇಲ್ಲಿ ಒಂದು ಕಷ್ಟದ ಪ್ರಶ್ನೆಯಿದೆ. ಹೇರಿಗೆ ಇಷ್ಟು ಎಂದು ಎತ್ತಿಟ್ಟ ಆ ಹಣ ಯಾರದು? ಉತ್ತರ ಕರ್ನಾಟಕದ ಹಳೆಯ ಮಾರುಕಟ್ಟೆಗಳಲ್ಲಿ ರೈತ ಹತ್ತಿಯನ್ನೊ ಜೋಳವನ್ನೊ ತಂದು ಮಾರಿದಾಗ ತೂಕದ ಕೂಲಿ, ದಲ್ಲಾಳಿ ಮುಂತಾದವುಗಳ ಜೊತೆಗೆ ‘ಧರ್ಮಾದಾಯ’ ಎಂದು ಒಂದಿಷ್ಟು ಹಿಡಿದುಕೊಳ್ಳುತ್ತಿದ್ದರು. ಕೊಟ್ಟವನು ರೈತ, ಛತ್ರದ ಗೋಡೆಯ ಮೇಲೆ ಹೆಸರು ಸಾಹುಕಾರನದು. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ಇಂಥ ಕಡಿತಗಳನ್ನು ರೈತನಿಗಾಗುವ ಅನ್ಯಾಯಗಳ ಸಾಲಿನಲ್ಲಿ ಎಣಿಸಿತು. ನಿಯಂತ್ರಿತ ಮಾರುಕಟ್ಟೆಯ ಕಾನೂನುಗಳು ಬಂದ ಮೇಲೆ, ನಮ್ಮ ರಾಜ್ಯದ 1966ರ ಕಾಯಿದೆಯೂ ಸೇರಿ, ಅಧಿಕೃತ ಶುಲ್ಕವಲ್ಲದ ಕಡಿತಗಳಿಗೆ ತಡೆ ಬಿತ್ತು. ವರ್ತಕನ ಧರ್ಮವನ್ನು ವರ್ತಕನೇ ಬರೆದುಕೊಂಡಾಗ ಇಂಥ ಗೊಂದಲಕ್ಕೆ ಎಡೆಯುಂಟು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂಬಯಿಯ ಒಂದು ಮನೆತನದ ಕಥೆಗೆ ಹೋಗೋಣ. ಮನೆತನದ ಕಂಪೆನಿಯೊಂದು ತನ್ನ ಹಣದ ಲೆಕ್ಕವಲ್ಲದ ಲೆಕ್ಕವನ್ನು ಹೊರಗಿನವರ ಮುಂದೆ ಬಿಚ್ಚಿದ್ದು ನಮ್ಮ ದೇಶದಲ್ಲಿ ಮೊದಲು ನಡೆದದ್ದು ಅಲ್ಲಿಯೆ.

ಜಮಷೇಟಜಿ ನಸರವಾನಜಿ ಟಾಟಾ ಹುಟ್ಟಿದ್ದು 1839ರಲ್ಲಿ, ಗುಜರಾತಿನ ನವಸಾರಿಯಲ್ಲಿ. 1868ರಲ್ಲಿ ಇಪ್ಪತ್ತೊಂದು ಸಾವಿರ ರೂಪಾಯಿ ಬಂಡವಾಳದಿಂದ ಸ್ವಂತ ವ್ಯಾಪಾರ ತೆರೆದರು. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿಯೆಂದು ಸಾರಿದ ದಿನವೇ, ನಾಗಪುರದಲ್ಲಿ ‘ಎಂಪ್ರೆಸ್’ ಗಿರಣಿಯನ್ನು ಪ್ರಾರಂಭಿಸಿದರು. ಮುಂಬಯಿಯನ್ನು ಬಿಟ್ಟು ಹತ್ತಿ ಬೆಳೆಯುವ ಸೀಮೆಗೇ ಗಿರಣಿಯನ್ನು ಒಯ್ದದ್ದು ವ್ಯಾಪಾರದ ಜಾಣತನ. ಆದರೆ ಅದೇ ಗಿರಣಿಯಲ್ಲಿ 1886ರಲ್ಲಿ ಕೆಲಸಗಾರರಿಗೆ ನಿವೃತ್ತಿ ನಿಧಿಯನ್ನೂ 1895ರಲ್ಲಿ ಅಪಘಾತ ಪರಿಹಾರವನ್ನೂ ಏರ್ಪಡಿಸಿದ್ದು ಆ ಕಾಲಕ್ಕೆ ಅಪರೂಪ. ತಾವು ಇತರರಿಗಿಂತ ಹೆಚ್ಚಿನ ಧರ್ಮಿಷ್ಠರೆಂದು ಜಮಷೇಟಜಿ ಹೇಳಿಕೊಳ್ಳಲಿಲ್ಲ. ಕೆಲಸಗಾರರ ಆರೋಗ್ಯವೂ ಕ್ಷೇಮವೂ ನಮ್ಮ ಏಳಿಗೆಯ ತಳಹದಿ ಎಂಬುದೇ ಅವರ ವಾದವಾಗಿತ್ತು. ದಾನ ಬೇರೆ, ಲಾಭ ಬೇರೆ ಎಂದು ಎರಡು ಖಾತೆ ಮಾಡದೆ ಒಂದೇ ಖಾತೆಯಲ್ಲಿ ಬರೆದ ಹಾಗಾಯಿತು ಇದು. ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಅವರು ಮುಂಬಯಿಯ ತಮ್ಮ ಆಸ್ತಿಗಳನ್ನು ಎತ್ತಿಟ್ಟದ್ದೂ, ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟದ್ದೂ ನಮಗೆಲ್ಲ ಗೊತ್ತಿರುವ ಸಂಗತಿ. ಅದು ಪ್ರಾರಂಭವಾದ 1909ರ ಹೊತ್ತಿಗೆ ಅವರು ಕಾಲವಾಗಿ ಐದು ವರ್ಷಗಳಾಗಿದ್ದವು.

ಉಕ್ಕಿನ ಕಾರಖಾನೆಯೂ ಅವರು ಹೋದ ಮೇಲೆ ಆದದ್ದೆ. 1907ರಲ್ಲಿ ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪೆನಿ ಸ್ಥಾಪನೆಯಾದಾಗ ಲಂಡನ್ನಿನ ಹಣದ ಪೇಟೆ ಬಂಡವಾಳ ಕೊಡಲು ಹಿಂದೆಗೆಯಿತು. ಅದು ಸ್ವದೇಶಿ ಚಳುವಳಿಯ ಕಾಲ. ಮುಂಬಯಿಯಲ್ಲಿ ಷೇರುಗಳನ್ನು ಮಾರಾಟಕ್ಕಿಟ್ಟ ಮೂರು ವಾರಗಳಲ್ಲಿ ಸುಮಾರು ಎಂಟು ಸಾವಿರ ಮಂದಿ ಭಾರತೀಯರು ಅಷ್ಟನ್ನೂ ಕೊಂಡರು. ಅಂದು ಇನ್ನೂ ಕಾರಖಾನೆಯಿರಲಿಲ್ಲ. ಸಾಕ್ಚಿಯಲ್ಲಿ ಇದ್ದದ್ದು ಕಾಡು. ಆ ಎಂಟು ಸಾವಿರ ಮಂದಿ ಹಣ ಕೊಟ್ಟದ್ದು ಯಾವ ಅಢಾವೆ ಪತ್ರಿಕೆಯನ್ನು ನೋಡಿ? ಒಂದು ಹೆಸರನ್ನೂ ಒಂದು ಕಾಲದ ಉತ್ಸಾಹವನ್ನೂ ನಂಬಿ ಕೊಟ್ಟರು ಎನ್ನಬೇಕು. ಕಂಪೆನಿಯ ಪುಸ್ತಕದಲ್ಲಿ ಬರೆದ ಬೆಲೆ ಒಂದು, ಪೇಟೆ ಕೊಡುವ ಬೆಲೆ ಇನ್ನೊಂದು. ಇವೆರಡರ ನಡುವಣ ಅಂತರದಲ್ಲಿ ವಾಸವಾಗಿರುವುದೇ ನಮ್ಮ ಜವಳಿ ಅಂಗಡಿಯವರ ‘ಪತ್ತು’.

ಈ ಪತ್ತು ಎಷ್ಟು ದುಬಾರಿಯ ವಸ್ತುವೆಂಬುದು ಗೊತ್ತಾದದ್ದು 1924ರಲ್ಲಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಉಕ್ಕಿನ ಬೆಲೆ ಕುಸಿಯಿತು. ಹೊರದೇಶದ ಅಗ್ಗದ ಉಕ್ಕು ಬಂದು ಬಿತ್ತು. ಬೀಡುಕಬ್ಬಿಣವನ್ನು ಬಹಳವಾಗಿ ಕೊಳ್ಳುತ್ತಿದ್ದ ಜಪಾನು 1923ರ ಭೂಕಂಪದಿಂದ ನುಚ್ಚುನೂರಾಗಿತ್ತು. ಕಾರಖಾನೆಯನ್ನು ಹಿಗ್ಗಿಸಲು ತೆಗೆದ ಸಾಲ ತಲೆಯ ಮೇಲಿತ್ತು. ಒಂದು ದಿನ ಜಮಷೇದಪುರದಿಂದ ತಂತಿ ಬಂತು: ಸಂಬಳಕ್ಕೆ ಹಣವಿಲ್ಲ. ಆಗ ಕಂಪೆನಿಯ ಅಧ್ಯಕ್ಷರಾಗಿದ್ದವರು ಜಮಷೇಟಜಿಯ ಹಿರಿಯ ಮಗ ಸರ್ ದೊರಾಬಜಿ. ಅವರು ಇಂಪೀರಿಯಲ್ ಬ್ಯಾಂಕಿಗೆ ಹೋಗಿ ತಮ್ಮ ಸ್ವಂತ ಆಸ್ತಿ ಸುಮಾರು ಒಂದು ಕೋಟಿ ರೂಪಾಯಿಯದನ್ನು ಅಡವಿಟ್ಟು ಸಾಲ ತಂದರು. ಅದರಲ್ಲಿ ಹೆಂಡತಿಯ ಒಡವೆಗಳೂ ಸೇರಿದ್ದವು.

ಆ ಹೆಂಡತಿ ಮೆಹರಬಾಯಿ ಒಂದು ಅರ್ಥದಲ್ಲಿ ನಮ್ಮ ಕಡೆಯವರು. ಅವರ ತಂದೆ ಹೊರಮುಸಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ಭಾಭಾ ಅವರ ಮನೆಗೆ ಹೋಗಿ ಬಾ ಎಂದು ಜಮಷೇಟಜಿಯೇ ಮಗನನ್ನು ಕಳಿಸಿದ್ದರಂತೆ. 1898ರಲ್ಲಿ ಮದುವೆಯಾಯಿತು. ಪರಮಾಣು ವಿಜ್ಞಾನಿ ಹೋಮಿ ಭಾಭಾ ಅವರಿಗೆ ಈಕೆ ಸೋದರತ್ತೆ. ದೊರಾಬಜಿ ಆಕೆಗೆ ಕೊಟ್ಟ ‘ಜ್ಯೂಬಿಲಿ’ ವಜ್ರ 245 ಕ್ಯಾರಟ್ಟಿನದು, ಕೊಹಿನೂರಿನ ಇಮ್ಮಡಿಗೂ ಮಿಗಿಲು. ಉಕ್ಕಿನ ಕಾರಖಾನೆಯ ಕೂಲಿಗಳ ಬಟವಾಡೆಗಾಗಿ ಹೆಂಡತಿಯ ಕೊರಳಿನ ವಜ್ರ ಬ್ಯಾಂಕಿನ ಪೆಟ್ಟಿಗೆಗೆ ಹೋಯಿತು ಎಂಬ ಈ ಕಥೆಯನ್ನು ಆ ಮನೆತನದ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ನನಗೆ ಇದರಲ್ಲಿ ತ್ಯಾಗಕ್ಕಿಂತ ಹೆಚ್ಚಾಗಿ ಕಾಣುವುದು ಕುಟುಂಬದ ಉದ್ಯಮದ ಒಳಗುಟ್ಟು. ಸೀಮಿತ ಹೊಣೆಯ ಕಂಪೆನಿ ಎಂದರೆ ಅರ್ಥವೇ ಕಂಪೆನಿ ಮುಳುಗಿದರೆ ಮನೆ ಮುಳುಗಬಾರದು ಎಂದು. ಆ ಕಾನೂನಿನ ಆಶ್ರಯವನ್ನು ಮನೆತನ ತಾನಾಗಿಯೇ ಬಿಟ್ಟುಕೊಟ್ಟಿತು. ಕಂಪೆನಿ ಮುಳುಗಿದರೆ ಹೆಸರು ಮುಳುಗುವುದು. ಹೆಸರು ಮುಳುಗಿದ ಮೇಲೆ ವಜ್ರವಿದ್ದು ಏನು? ಹೀಗೆಂದು ಲೆಕ್ಕ ಹಾಕಿರಬೇಕು.

ಕಂಪೆನಿ ಉಳಿಯಿತು. ಆದರೆ ಅದನ್ನು ಉಳಿಸಿದ್ದು ವಜ್ರ ಒಂದೇ ಅಲ್ಲ. ಅದೇ 1924ರಲ್ಲಿ ಸರಕಾರ ದೇಶೀಯ ಉಕ್ಕಿಗೆ ರಕ್ಷಣೆ ಕೊಡುವ ಕಾನೂನು ಮಾಡಿ ಹೊರಗಿನ ಉಕ್ಕಿನ ಮೇಲೆ ಸುಂಕ ಹೇರಿತು. ಆ ಸುಂಕದ ಭಾರವನ್ನು ಹೊತ್ತವರು ಕಬ್ಬಿಣದ ತೊಲೆ ಕೊಂಡ ಊರೂರಿನ ಜನ. ವಜ್ರದ ಕಥೆಯನ್ನು ಹೇಳುವವರು ಸುಂಕದ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ. ಧರ್ಮಾದಾಯದ ನೆನಪು ಇಲ್ಲಿ ಬಾರದೆ ಇರದು.

ಜಮಷೇದಪುರದ ಕೆಲಸಗಾರರ ವಿಷಯದಲ್ಲಿಯೂ ಹೀಗೆಯೇ ಎರಡು ಕಥೆಗಳು. ಒಂದು ಕಥೆಯಲ್ಲಿ ತಾರೀಕುಗಳು ಕಂಪೆನಿಯ ಕೀರ್ತಿಯನ್ನು ಸಾರುತ್ತವೆ: ಎಂಟು ಗಂಟೆಯ ದುಡಿಮೆ 1912ರಲ್ಲಿ, ಉಚಿತ ವೈದ್ಯ ನೆರವು 1915ರಲ್ಲಿ, ಸಂಬಳ ಸಹಿತ ರಜೆಯೂ ಭವಿಷ್ಯನಿಧಿಯೂ 1920ರಲ್ಲಿ, ಹೆರಿಗೆಯ ಸೌಲಭ್ಯ 1928ರಲ್ಲಿ, ಲಾಭದಲ್ಲಿ ಪಾಲು 1934ರಲ್ಲಿ. ಸರಕಾರದ ಕಾನೂನು ಎಂಟು ಗಂಟೆಯ ದಿನಕ್ಕೂ ಸಂಬಳದ ರಜೆಗೂ ಬಂದದ್ದು 1948ರಲ್ಲಿ, ಭವಿಷ್ಯನಿಧಿಗೆ 1952ರಲ್ಲಿ. ಇದು ಸುಳ್ಳಲ್ಲ. ಇನ್ನೊಂದು ಕಥೆಯಲ್ಲಿ 1920ರಲ್ಲಿ ಒಂದು ದೊಡ್ಡ ಮುಷ್ಕರ, 1922ರಲ್ಲಿ ಮತ್ತೊಂದು, 1928ರಲ್ಲಿ ತಿಂಗಳುಗಟ್ಟಲೆ ನಡೆದ ಇನ್ನೊಂದು. ಕೆಲಸಗಾರರ ಸಂಘಕ್ಕೆ ಮನ್ನಣೆ ಕೊಡಿಸುವ ಮಾತುಕತೆಗೆ ಗಾಂಧೀಜಿ 1925ರಲ್ಲಿ ಅಲ್ಲಿಗೆ ಹೋದರು. 1928ರಿಂದ ಸುಭಾಷಚಂದ್ರ ಬೋಸರು ಆ ಸಂಘದ ಅಧ್ಯಕ್ಷರಾಗಿದ್ದರು. ಎರಡು ಪಟ್ಟಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟರೆ 1920 ಮತ್ತು 1928 ಎರಡು ಕಡೆಯೂ ಕಾಣಿಸಿಕೊಳ್ಳುತ್ತವೆ. ಕೊಟ್ಟದ್ದೆಷ್ಟು, ಕೇಳಿ ಪಡೆದದ್ದೆಷ್ಟು ಎಂಬುದನ್ನು ಕೊಟ್ಟವನ ವರದಿಯೊಂದನ್ನೇ ಓದಿ ತಿಳಿಯಲಾಗುವುದಿಲ್ಲ.

ಹೊರಗಿನವರನ್ನು ಕರೆಸಿ ಲೆಕ್ಕ ತೋರಿಸುವ ವಿಚಾರ ಬಂದದ್ದು ಜೆ. ಆರ್. ಡಿ. ಟಾಟಾ ಅವರ ಕಾಲದಲ್ಲಿ. 1965ರಲ್ಲಿ ದೆಹಲಿಯಲ್ಲಿ ಉದ್ಯಮದ ಸಾಮಾಜಿಕ ಹೊಣೆಯನ್ನು ಕುರಿತು ಒಂದು ವಿಚಾರಗೋಷ್ಠಿ ನಡೆಯಿತು. ಅದರ ಮುಂದಾಳುಗಳಲ್ಲಿ ಒಬ್ಬರು ಜಯಪ್ರಕಾಶ ನಾರಾಯಣರು. ಉದ್ಯಮಗಳು ಷೇರುದಾರನಿಗೆ ಮಾತ್ರವಲ್ಲ, ಸಮಾಜಕ್ಕೂ ಉತ್ತರ ಹೇಳಬೇಕೆಂಬ ಮಾತು ಅಲ್ಲಿ ಬಲವಾಗಿ ಬಂತು. 1970ರ ಸುಮಾರಿಗೆ ಟಾಟಾ ಬಳಗದ ಮುಖ್ಯ ಕಂಪೆನಿಗಳು ತಮ್ಮ ನಿಯಮಾವಳಿಯಲ್ಲಿ ಒಂದು ಹೊಸ ವಿಧಿಯನ್ನು ಸೇರಿಸಿದುವು. ಗ್ರಾಹಕರು, ನೌಕರರು, ಷೇರುದಾರರು, ಸಮಾಜ, ಸುತ್ತಲಿನ ಜನ ಇಷ್ಟು ಮಂದಿಗೆ ಕಂಪೆನಿ ಸಾಮಾಜಿಕವಾಗಿಯೂ ನೈತಿಕವಾಗಿಯೂ ಹೊಣೆಯೆಂದು ಆ ವಿಧಿಯ ತಾತ್ಪರ್ಯ. ಉಕ್ಕಿನ ಕಂಪೆನಿಯ ನಿಯಮಾವಳಿಯಲ್ಲಿ ಅದು 3ಎ ವಿಧಿ. ಕಾಗದದ ಮೇಲೆ ಹೀಗೆ ಬರೆದುಕೊಳ್ಳುವುದು ಸುಲಭ. ನಡೆದುಕೊಂಡಿದ್ದೇವೆಯೆ ಎಂದು ನೋಡುವವರು ಯಾರು?

1979ರಲ್ಲಿ ಕಂಪೆನಿಯ ಆಡಳಿತ ಮಂಡಳಿ ಮೂವರ ಸಮಿತಿಯೊಂದನ್ನು ನೇಮಿಸಿತು. 3ಎ ವಿಧಿಯಲ್ಲಿ ಹೇಳಿದ ಹೊಣೆಗಳನ್ನು ಕಂಪೆನಿ ನೆರವೇರಿಸಿದೆಯೆ, ಎಷ್ಟರ ಮಟ್ಟಿಗೆ ನೆರವೇರಿಸಿದೆ ಎಂದು ಪರೀಕ್ಷಿಸುವುದು ಅದರ ಕೆಲಸ. ಅಧ್ಯಕ್ಷರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದ ಎಸ್. ಪಿ. ಕೊತವಾಲರು. ಸದಸ್ಯರು ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿ ಮತ್ತು ಅಹಮದಾಬಾದಿನ ಪ್ರಾಧ್ಯಾಪಕ ಪಿ. ಜಿ. ಮಾವಳಂಕರ್. ಲೋಕಸಭೆಯ ಮೊದಲ ಸ್ಪೀಕರರ ಮಗನಾದ ಮಾವಳಂಕರರು ತುರ್ತು ಪರಿಸ್ಥಿತಿಯನ್ನು ಲೋಕಸಭೆಯಲ್ಲಿ ನಿಂತು ಎದುರಿಸಿದವರು. ಕೊಠಾರಿಯವರಂತೂ ಅಧಿಕಾರದಲ್ಲಿದ್ದವರಿಗೆ ಇಷ್ಟವಾಗುವ ಮಾತನ್ನಾಡುವ ಜಾಯಮಾನದವರಲ್ಲ. 1980ರಲ್ಲಿ ಸಮಿತಿ ವರದಿ ಕೊಟ್ಟಿತು. ಭಾರತದ ಕಂಪೆನಿಯೊಂದು ಮಾಡಿಸಿಕೊಂಡ ಮೊದಲ ಸಾಮಾಜಿಕ ಲೆಕ್ಕ ತನಿಖೆ ಇದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಒಟ್ಟಿನಲ್ಲಿ ಅದು ಕಂಪೆನಿಯನ್ನು ಮೆಚ್ಚಿಕೊಂಡ ವರದಿಯೇ.

ಏಕೆ ಆಗಲೇ ಮಾಡಿಸಿದರು? ಆ ದಿನಗಳ ರಾಜಕೀಯವನ್ನು ಮರೆಯುವಂತಿಲ್ಲ. ಕೇಂದ್ರದಲ್ಲಿ ಜನತಾ ಸರಕಾರವಿತ್ತು. ಟಾಟಾ ಉಕ್ಕಿನ ಕಂಪೆನಿಯನ್ನು ರಾಷ್ಟ್ರೀಕರಿಸಬೇಕೆಂಬ ಮಾತು ಅದರ ಮಂತ್ರಿಗಳಿಂದಲೇ ಬಂದಿತ್ತು. ಅದನ್ನು ವಿರೋಧಿಸಿದವರಲ್ಲಿ ಜಮಷೇದಪುರದ ಕಾರ್ಮಿಕ ಸಂಘ ಒಂದು ಎಂಬುದು ಸ್ವಾರಸ್ಯದ ಸಂಗತಿ. ಆ ಹೊತ್ತಿಗೆ ಕಂಪೆನಿಯಲ್ಲಿ ಮನೆತನದ ಷೇರು ತೀರ ಕಡಿಮೆ, ಸರಕಾರದ ಹಣಕಾಸು ಸಂಸ್ಥೆಗಳದು ಅದಕ್ಕಿಂತ ಬಹು ಪಾಲು ಹೆಚ್ಚು. ಹಾಗಿರುವಾಗ ಕಂಪೆನಿ ‘ಟಾಟಾ’ ಆಗಿ ಉಳಿದದ್ದು ಷೇರಿನ ಬಲದಿಂದಲ್ಲ, ಹೆಸರಿನ ಬಲದಿಂದ. ತನಿಖೆಗೂ ರಾಷ್ಟ್ರೀಕರಣದ ಮಾತಿಗೂ ನೇರ ಸಂಬಂಧ ಕಟ್ಟುವುದಕ್ಕೆ ನಾನು ಹೋಗುವುದಿಲ್ಲ. ಆದರೆ ಹೆಸರೇ ಆಸ್ತಿಯಾದವನಿಗೆ ಆ ಆಸ್ತಿಯ ದೃಢೀಕರಣ ಪತ್ರ ಬೇಕಾಗುವುದು ಸಹಜ. ಸಮಿತಿಯನ್ನು ನೇಮಿಸಿದ್ದೂ ಕಂಪೆನಿಯೆ, ಪರೀಕ್ಷೆಗೊಳಗಾದದ್ದೂ ಕಂಪೆನಿಯೆ ಎಂದು ಆಕ್ಷೇಪಿಸಬಹುದು. ಸರಿಯಾದ ಆಕ್ಷೇಪವೆ. ಹಣದ ಲೆಕ್ಕದ ಆಡಿಟರನ್ನು ನೇಮಿಸುವುದೂ ಕಂಪೆನಿಯೇ ಅಲ್ಲವೆ ಎಂದು ಮಾತ್ರ ಅದಕ್ಕೆ ಹೇಳಬಹುದು.

ಆಮೇಲಿನ ಕಾಲದಲ್ಲಿ ಈ ಸಾಮಾಜಿಕ ಲೆಕ್ಕಕ್ಕೆ ಪರಿಸರದ ಲೆಕ್ಕವೂ ಸೇರಿತು. 1989ರಲ್ಲಿ ಅಲಾಸ್ಕದ ಕರಾವಳಿಯಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗು ಬಂಡೆಗೆ ತಾಗಿ ಎಣ್ಣೆ ಸಮುದ್ರಕ್ಕೆ ಹರಿದ ಮೇಲೆ ಅಮೆರಿಕದಲ್ಲಿ ಹುಟ್ಟಿದ ಚಳುವಳಿಯಿಂದ, 1997ರಲ್ಲಿ ಬಾಸ್ಟನ್ ನಗರದಲ್ಲಿ ‘ಗ್ಲೋಬಲ್ ರಿಪೋರ್ಟಿಂಗ್ ಇನಿಷಿಯೇಟಿವ್’ ಎಂಬ ಸಂಸ್ಥೆ ಏರ್ಪಟ್ಟಿತು. 2000ದಲ್ಲಿ ಅದು ವರದಿಗೆ ಒಂದು ಮಾದರಿಯನ್ನು ಕೊಟ್ಟಿತು. ಭಾರತದ ದೊಡ್ಡ ಕಂಪೆನಿಗಳು ಒಂದೊಂದಾಗಿ ಆ ಜಾಡು ಹಿಡಿದುವು.

ಜಾಡು ಹಿಡಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆ? 2006ರ ಜನವರಿ 2ರಂದು ಒಡಿಶಾದ ಕಳಿಂಗನಗರದಲ್ಲಿ, ಇದೇ ಟಾಟಾ ಉಕ್ಕಿನ ಕಂಪೆನಿಯ ಹೊಸ ಕಾರಖಾನೆಗಾಗಿ ಗೋಡೆ ಕಟ್ಟುವುದನ್ನು ವಿರೋಧಿಸಿದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹನ್ನೆರಡಕ್ಕೂ ಹೆಚ್ಚು ಮಂದಿ ಆದಿವಾಸಿಗಳು ಸತ್ತರು, ಒಬ್ಬ ಪೊಲೀಸನೂ ಸತ್ತ. ಗುಂಡು ಹಾರಿಸಿದ್ದು ಸರಕಾರ, ಭೂಮಿಯನ್ನು ವಶಪಡಿಸಿಕೊಂಡು ಕೊಟ್ಟದ್ದೂ ಸರಕಾರ. ಆದರೂ ‘ಸುತ್ತಲಿನ ಜನ’ ಎಂದು ನಿಯಮಾವಳಿಯಲ್ಲಿಯೇ ಬರೆದುಕೊಂಡ ಕಂಪೆನಿಯ ಹೆಸರು ಆ ಗೋಡೆಯ ಮೇಲೆ ಇತ್ತು. ಹಳೆಯ ಊರಿನಲ್ಲಿ ಸಂಪಾದಿಸಿದ ಹೆಸರನ್ನು ಹೊಸ ಊರಿನಲ್ಲಿ ಹಾಗೆಯೇ ನಗದು ಮಾಡಿಕೊಳ್ಳಲಾಗದು.

ಒಂದೇ ಮನೆತನವನ್ನು ಹಿಡಿದು ಬರೆಯುತ್ತಿದ್ದೇನೆಂದು ಓದುಗರಿಗೆ ಅನ್ನಿಸಬಹುದು. ಇನ್ನೊಂದು ಮನೆತನದ ಮಾತನ್ನು ಹೇಳಿ ಈ ಕಡೆಗೆ ಬರುತ್ತೇನೆ. ಅದು ಹೈದರಾಬಾದಿನ ಸತ್ಯಂ ಕಂಪೆನಿ. ರಾಮಲಿಂಗ ರಾಜು ಮತ್ತು ಅವರ ಸೋದರರು 1987ರಲ್ಲಿ ಕಟ್ಟಿದ್ದು. ಈ ಮನೆತನ ತಂದೆಯ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿ ಆಂಧ್ರದ ಹಳ್ಳಿಗಳಲ್ಲಿ ಕುಡಿಯುವ ನೀರು, ಆರೋಗ್ಯ ಮುಂತಾದ ಕೆಲಸ ಮಾಡಿತು. 2005ರಲ್ಲಿ 108ಕ್ಕೆ ಕರೆ ಮಾಡಿದರೆ ಓಡಿಬರುವ ಆಂಬುಲೆನ್ಸ್ ಸೇವೆಯನ್ನು ಪ್ರಾರಂಭಿಸಿತು. ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ ಎಂದು 2008ರ ನವೆಂಬರಿನಲ್ಲಿ ಬಂದದ್ದು ಅದೇ. ಅದೆಷ್ಟು ಜೀವಗಳನ್ನು ಉಳಿಸಿದೆಯೋ ಲೆಕ್ಕವಿಲ್ಲ. ಅದೇ 2008ರಲ್ಲಿ ಒಳ್ಳೆಯ ಕಂಪೆನಿ ಆಡಳಿತಕ್ಕಾಗಿ ‘ಗೋಲ್ಡನ್ ಪೀಕಾಕ್’ ಎಂಬ ಪ್ರಶಸ್ತಿಯೂ ಸತ್ಯಂಗೆ ಬಂತು.

ಆ ವರ್ಷದ ಡಿಸೆಂಬರಿನಲ್ಲಿ ಕಂಪೆನಿ ತನ್ನ ಹಣದಿಂದ ‘ಮೇಟಾಸ್’ ಎಂಬ ಎರಡು ಕಂಪೆನಿಗಳನ್ನು ಕೊಳ್ಳಲು ಹೊರಟಿತು. ಅವು ರಾಜು ಅವರ ಮಕ್ಕಳ ಆಡಳಿತದಲ್ಲಿದ್ದುವು. ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ‘ಸತ್ಯಂ’ ಎಂದೇ ಆಗುತ್ತದೆ! ಷೇರುದಾರರು ಗಲಾಟೆ ಮಾಡಿದ್ದರಿಂದ ಆ ಏರ್ಪಾಡನ್ನು ತಕ್ಷಣ ಕೈಬಿಟ್ಟರು. ಆದರೆ ಮುಚ್ಚಿಟ್ಟದ್ದು ಅಷ್ಟಕ್ಕೆ ನಿಲ್ಲಲಿಲ್ಲ. 2009ರ ಜನವರಿ 7ರಂದು ರಾಜು ಅವರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕಿನ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. 2015ರಲ್ಲಿ ಹೈದರಾಬಾದಿನ ನ್ಯಾಯಾಲಯ ರಾಜು ಮತ್ತು ಇತರ ಒಂಬತ್ತು ಮಂದಿಗೆ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಮೇಲೆ ಆ ಶಿಕ್ಷೆ ಅಮಾನತಾಯಿತು.

ಇಲ್ಲಿ ಧರ್ಮದ ಖಾತೆ ಸುಳ್ಳಾಗಿರಲಿಲ್ಲ. ಆಂಬುಲೆನ್ಸು ನಿಜ, ನೀರಿನ ಘಟಕ ನಿಜ. ಸುಳ್ಳಾಗಿದ್ದದ್ದು ಜಮೆಯ ಖಾತೆ. ಲೋಕಪ್ರಸಿದ್ಧ ಲೆಕ್ಕ ಪರಿಶೋಧಕರ ಸಹಿ ಅದರ ಕೆಳಗಿತ್ತು. ಹಣದ ಲೆಕ್ಕಕ್ಕೆ ನೂರಾರು ವರ್ಷಗಳ ಶಾಸ್ತ್ರವಿದೆ, ಕಾನೂನಿದೆ, ಪರಿಶೋಧಕರಿದ್ದಾರೆ. ಅಷ್ಟಿದ್ದೂ ಇಷ್ಟಾದರೆ, ನಿನ್ನೆ ಮೊನ್ನೆ ಹುಟ್ಟಿದ ಈ ಹೊಗೆ ನೀರಿನ ಲೆಕ್ಕವನ್ನು ಎಷ್ಟು ನಂಬಬೇಕು? ಪೇಟೆಯವರು ಕೇಳುವ ಪ್ರಶ್ನೆ ಇದು. ವರದಿಯಿಂದ ಕಂಪೆನಿಯ ಬೆಲೆ ಏರುವುದೆಂದು ಕೆಲವು ವಿದ್ವಾಂಸರೂ, ಅಂಥ ಸಂಬಂಧ ಕಾಣುವುದಿಲ್ಲವೆಂದು ಕೆಲವರೂ ಅಂಕಿ ಅಂಶ ಕೊಡುತ್ತಿರುವುದಕ್ಕೆ ಕಾರಣವೂ ಇದೇ ಇದ್ದೀತು. ಒಂದೇ ಹೆಸರಿನ ವರದಿಗಳ ಒಳಗೆ ಬಗೆಬಗೆಯ ಸರಕು ತುಂಬಿರುವಾಗ ಸರಾಸರಿ ತೆಗೆದರೆ ಏನು ಗೊತ್ತಾಗುತ್ತದೆ?

ಕುಟುಂಬದ ಉದ್ಯಮಗಳ ಸ್ವಭಾವವನ್ನು ಕುರಿತು ನನಗೆ ಹೆಚ್ಚು ಬೆಳಕು ಕೊಟ್ಟದ್ದು ಸ್ಪೇನ್ ದೇಶದ ಒಂದು ಅಧ್ಯಯನ. ಗೋಮೆಜ್ ಮೆಹಿಯಾ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ 2007ರಲ್ಲಿ ಪ್ರಕಟಿಸಿದ್ದು. ಆ ದೇಶದ ದಕ್ಷಿಣ ಭಾಗದಲ್ಲಿ ಆಲಿವ್ ಎಣ್ಣೆಯ ಗಾಣಗಳಿವೆ, ನಮ್ಮ ಕೊಬ್ಬರಿ ಎಣ್ಣೆಯ ಗಾಣಗಳ ಹಾಗೆ. ಕುಟುಂಬಗಳ ಒಡೆತನದಲ್ಲಿದ್ದ 1,237 ಗಾಣಗಳ ಐವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ಅವರು ನೋಡಿದರು. ಸಹಕಾರ ಸಂಘಕ್ಕೆ ಸೇರಿದರೆ ನಷ್ಟದ ಭಯ ಕಡಿಮೆ, ಸೌಲಭ್ಯ ಹೆಚ್ಚು. ಆದರೂ ಬಹುಪಾಲು ಮನೆತನಗಳು ಸೇರಲಿಲ್ಲ. ಸೇರಿದರೆ ಗಾಣದ ಮೇಲಿನ ಹಿಡಿತವೂ ಮನೆಯ ಹೆಸರೂ ಹೋಗುವುವು. ಅದಕ್ಕಿಂತ ನಷ್ಟದ ಭಯವೇ ಲೇಸು ಎಂದು ಬಗೆದರು. ಹೆಸರಿನ ಮೇಲಿನ ಈ ಮಮತೆ ಎರಡು ಅಲಗಿನ ಕತ್ತಿ. ದೊರಾಬಜಿಯ ಕೈಯಲ್ಲಿ ಅದು ವಜ್ರವನ್ನು ಅಡವಿಡಿಸಿತು. ಇನ್ನೊಂದು ಕೈಯಲ್ಲಿ ಅದೇ ಮಮತೆ ಮನೆಯ ಹುಳುಕನ್ನು ಹೊರಗೆ ಬಿಡಬೇಡವೆಂದು ಹೇಳಿತು. ಮನೆತನದವರು ವರದಿಯನ್ನು ಹೆಚ್ಚು ಆಸ್ಥೆಯಿಂದ ಬರೆಯುವುದೂ ಉಂಟು, ಹೆಚ್ಚು ಜಾಣತನದಿಂದ ಮುಚ್ಚುವುದೂ ಉಂಟು. ಯಾವುದು ಎಂದು ಗೊತ್ತಾಗುವುದು ಹೊರಗಿನ ಕಣ್ಣು ಒಳಗೆ ಬಂದಾಗ. ಪೇಟೆ ಬೆಲೆ ಕಟ್ಟುವುದು ವರದಿಗಲ್ಲ, ಆ ಕಣ್ಣಿಗೆ ಎಂದು ನಾನು ತಿಳಿದಿದ್ದೇನೆ. 1979ರ ಸಮಿತಿಯ ಮಹತ್ವವೂ ಅದು ಕೊಟ್ಟ ಮೆಚ್ಚುಗೆಯಲ್ಲಿಲ್ಲ. ಮೆಚ್ಚದೆ ಇರಬಹುದಾಗಿದ್ದ ಮೂವರನ್ನು ಆರಿಸಿದ್ದರಲ್ಲಿದೆ.

ನಮ್ಮ ಸರಕಾರವೂ ನಿಧಾನವಾಗಿ ಈ ದಾರಿಗೆ ಬಂದಿದೆ. 2013ರ ಕಂಪೆನಿ ಕಾಯಿದೆ ದೊಡ್ಡ ಕಂಪೆನಿಗಳು ಲಾಭದ ಸರಾಸರಿಯಲ್ಲಿ ಶೇಕಡ ಎರಡನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂದು ವಿಧಿಸಿತು. ಷೇರು ಪೇಟೆಯನ್ನು ನೋಡಿಕೊಳ್ಳುವ ‘ಸೆಬಿ’ 2012ರಲ್ಲಿ ಮೊದಲ 100 ಕಂಪೆನಿಗಳಿಂದ ಹೊಣೆಗಾರಿಕೆಯ ವರದಿ ಕೇಳಿತು. 2021ರಲ್ಲಿ ಅದನ್ನು ವಿಸ್ತರಿಸಿ, 2022–23ರಿಂದ ಮೊದಲ 1,000 ಕಂಪೆನಿಗಳಿಗೆ ಕಡ್ಡಾಯ ಮಾಡಿತು. 2023ರಲ್ಲಿ ಕೆಲವು ಮುಖ್ಯ ಅಂಕಿಗಳನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಮೊದಲು 150 ಕಂಪೆನಿಗಳು, ಆಮೇಲೆ ಉಳಿದವು ಎಂದೂ ಗೊತ್ತುಮಾಡಿತು. ಈ ಸಾವಿರದಲ್ಲಿ ಬಹಳಷ್ಟು ಒಂದಲ್ಲ ಒಂದು ಮನೆತನದವೆ. ಆದರೆ ಷೇರು ಪೇಟೆಗೆ ಬಾರದ ಮನೆತನದ ಉದ್ಯಮಗಳು ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ಅಕ್ಕಿ ಗಿರಣಿ, ಗೋಡಂಬಿ ಕಾರಖಾನೆ, ಕಲ್ಲಿನ ಗಣಿ, ಬಣ್ಣದ ಘಟಕ, ಇವುಗಳ ನೀರು ಹೊಗೆಯ ಲೆಕ್ಕವನ್ನು ಯಾವ ಸಾವಿರದ ಪಟ್ಟಿಯೂ ಮುಟ್ಟುವುದಿಲ್ಲ.

ಹೋದ ಬೇಸಗೆಯಲ್ಲಿ ಊರಿಗೆ ಹೋದಾಗ ಆ ಜವಳಿ ಅಂಗಡಿಗೆ ಹೋಗಿದ್ದೆ. ಯಜಮಾನರು ತೀರಿಕೊಂಡು ಬಹಳ ವರ್ಷಗಳಾದವು, ಮೊಮ್ಮಗ ಕುಳಿತಿದ್ದರು. ಗಾದಿ ಹೋಗಿ ಕುರ್ಚಿ ಬಂದಿದೆ, ಕೆಂಪು ಪುಸ್ತಕ ಹೋಗಿ ಕಂಪ್ಯೂಟರು ಬಂದಿದೆ. ಅದರಲ್ಲಿ ಧರ್ಮದ ಖಾತೆ ಉಂಟೆ ಎಂದು ಕೇಳಿದೆ. ಅವರು ನಕ್ಕು, “ಖಾತೆ ಉಂಟು ಸಾರ್. ಆದರೆ ರಶೀದಿ ಇಲ್ಲದ್ದನ್ನು ಆಡಿಟರು ಒಪ್ಪುವುದಿಲ್ಲ. ಅರವಟ್ಟಿಗೆಯಲ್ಲಿ ನೀರು ಕುಡಿದವರ ಹತ್ತಿರ ರಶೀದಿ ಕೇಳುವುದು ಹೇಗೆ?” ಎಂದರು. ಅರವಟ್ಟಿಗೆ ಈಗಲೂ ನಡೆಯುತ್ತಿದೆ, ಅದರ ಹಣವನ್ನು ಮನೆಖರ್ಚಿನಲ್ಲಿ ಬರೆಯುತ್ತಾರಂತೆ. ನಾನು ಎರಡು ಪಂಚೆ ಕೊಂಡು, ರಶೀದಿ ತೆಗೆದುಕೊಂಡು ಬಂದೆ.